ಹೂಳು ತೆಗೆದರೂ ತುಂಬದ ಕಲ್ಯಾಣಿ

ನಮ್ಮದು ಕೋಲಾರ ಜಿಲ್ಲೆಯ ಸಣ್ಣ ಹಳ್ಳಿ. ಪಾರ್ಕು, ಈಜುಕೊಳ ಎಂಬ ಮಾತುಗಳು ಬರುವ ಮುಂಚೆಯೇ ನಮಗೆ ಎರಡೂ ಇದ್ದವು: ಊರಾಚೆ ಗುಂಡುತೋಪು, ಅದರ ಮಗ್ಗುಲಲ್ಲಿ ಕಲ್ಯಾಣಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನನ್ನನ್ನು ಮೂರನೇ ಮೆಟ್ಟಿಲಿನಿಂದ ನೀರಿಗೆ ನೂಕಿದವರು ಸೋದರಮಾವ. 2017ರಲ್ಲಿ ಆ ಮೆಟ್ಟಿಲನ್ನು ನೋಡಬೇಕೆಂದರೆ ಲಂಟಾನ ಕಡಿಯಬೇಕಿತ್ತು.

ಹಾರೆ ಹಿಡಿಯುವ ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಅಳೆದು ಗುರುತಿಸಿಕೊಡಲೆಂದು, ಅರ್ಜಿ ಹಾಕಿದೆವು. ಗ್ರಾಮ ನಕಾಶೆಯಲ್ಲಿ ತೋಪು ಸ್ಪಷ್ಟವಾಗಿತ್ತು. ನೆಲದ ಮೇಲೆ ಅದರ ಅಂಚು ಮೂರು ಹೊಲಗಳಲ್ಲಿ ಸೇರಿಹೋಗಿತ್ತು. ಊರೊಟ್ಟಿನ ಜಮೀನಿನ ಒತ್ತುವರಿ ತೆರವಾಗಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪಿನ ಪ್ರತಿಯನ್ನೂ ಲಗತ್ತಿಸಿದೆವು. ಕೊನೆಗೆ ಗಡಿಕಲ್ಲು ನೆಡಿಸಿದ್ದು ಮಾತ್ರ ಆ ಮೂರು ಮನೆಗಳಲ್ಲಿ ಕೂತು ಕುಡಿದ ಕಾಫಿ.

ಹೂಳನ್ನು ಉದ್ಯೋಗ ಖಾತರಿಯಲ್ಲಿ ಎತ್ತಿಸಿದೆವು. ಆ ಯೋಜನೆಯಲ್ಲಿ ಆಳುಗಳ ಕೆಲಸ ಕಸಿಯುವ ಯಂತ್ರ ಇಳಿಸುವಂತಿರಲಿಲ್ಲ. ಎಲ್ಲವೂ ತಲೆಹೊರೆಯಲ್ಲೇ ಮೇಲಕ್ಕೆ. ಒಳ್ಳೆಯದೇ ಆಯಿತು, ಜೆಸಿಬಿ ಇಳಿದಿದ್ದರೆ ಮೆಟ್ಟಿಲುಗಳು ಉಳಿಯುತ್ತಿರಲಿಲ್ಲ. ಕಲ್ಲಿನ ಸಂದುಗಳಲ್ಲಿ ಅರಳಿಯ ಬೇರು ಇಳಿದಿತ್ತು. ಒಂದನ್ನು ಹಿಡಿದೆಳೆದೆವು, ಚಪ್ಪಡಿಯೂ ಜೊತೆಗೆ ಬಂತು. ಆಮೇಲೆ ಬೇರನ್ನು ಅಲ್ಲಲ್ಲೇ ಕೊಯ್ದು, ಸಂದಿಗೆ ಸುಣ್ಣದ ಗಾರೆ ತುಂಬಿದೆವು. ತಳಕ್ಕೆ ಕಾಂಕ್ರೀಟ್ ಹಾಕಿಸೋಣ ಎಂದವರೂ ಇದ್ದರು. ಒರತೆಯ ಬಾಯಿ ಮುಚ್ಚಿ, ಆಮೇಲೆ ಟ್ಯಾಂಕರಿಗೆ ದುಡ್ಡು ಸುರಿಯುವ ಆ ಜಾಣತನ ನನಗೆ ಒಗ್ಗಲಿಲ್ಲ.

ಇಷ್ಟೆಲ್ಲ ಆಗಿ, ಮುಂದಿನ ಮಳೆಗಾಲದಲ್ಲಿ ನಿಂತದ್ದು ಮೊಣಕಾಲುದ್ದ ನೀರು. ಊರಿನವರ ನಗು ಬೇರೆ. ಒಂದು ರಾತ್ರಿ ಜೋರು ಮಳೆಯಲ್ಲಿ ಟಾರ್ಚ್ ಹಿಡಿದು ಗುಡ್ಡದಿಂದ ನೀರಿನ ಜೊತೆಯಲ್ಲೇ ಇಳಿದೆ. ಕಾಲುವೆಯ ನೀರು ಸಿಮೆಂಟ್ ರಸ್ತೆಯ ತನಕ ನೆಟ್ಟಗೆ ಬಂದು, ಅಲ್ಲಿ ಸುಳಿ ಸುತ್ತಿ, ಚರಂಡಿಯ ಕಡೆ ಹೊರಳುತ್ತಿತ್ತು. ರಸ್ತೆ ಎತ್ತರಿಸುವಾಗ ಹಳೆಯ ಮೋರಿಯನ್ನು ಯಾರೋ ಮಣ್ಣಿನಡಿ ಹೂತುಬಿಟ್ಟಿದ್ದರು. ಮುಂಚೆಯೇ ಈ ದಾರಿಯನ್ನು ಒಮ್ಮೆ ನಡೆದು ನೋಡದಿದ್ದದ್ದು ನನ್ನದೇ ತಪ್ಪು.

ರಸ್ತೆಯಡಿ ಎರಡು ಪೈಪು ಕೂರಿಸಿ, ಕಲ್ಯಾಣಿಗೆ ಇಳಿಯುವ ಮುನ್ನ ಮಣ್ಣು ತಂಗಲೆಂದು ಒಂದು ಗುಂಡಿ ತೆಗೆದೆವು. ಮುಂಗಾರಿಗೆ ಮೊದಲು ಅದನ್ನು ಬಾಚುವ ಪಾಳಿ ವರ್ಷಕ್ಕೊಂದು ಬೀದಿಯದು.

ತೋಪಿನಲ್ಲಿ ನೇರಳೆ, ಹುಣಸೆ, ಹೊಂಗೆ ನೆಟ್ಟೆವು. ಮೇಕೆಗಳು ಹೊಂಗೆಯನ್ನು ಮಾತ್ರ ನಮಗೆ ಬಿಟ್ಟುಕೊಟ್ಟವು.

ಈಗ ಮೂರನೇ ಮೆಟ್ಟಿಲು ನೀರಿನೊಳಗಿದೆ. ಮಕ್ಕಳು ಬುರುಡೆಯ ಬದಲು ಐದು ಲೀಟರಿನ ಎಣ್ಣೆ ಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ಒಬ್ಬೊಬ್ಬರದೂ ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡುವುದು ಭಾನುವಾರ ಬೆಳಗಿನ ನನ್ನ ಕೆಲಸ.