ಬಳ್ಳಾರಿ ಕಡೆಯವರು ಮಂಗಳೂರಲ್ಲಿ ಮನೆ ಕೊಳ್ಳುವಾಗ: ಏರಿಯಾ ಆರಿಸುವುದು ಹೇಗೆ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮನೆ ನೋಡಲು ಹೋದವರು ಮೊದಲು ಕೇಳುವುದು ನೀರಿನ ವಿಚಾರ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರು ಎಷ್ಟು ಅಡಿ, ಸಂಪು ಎಷ್ಟು ಲೀಟರ್. ಮಕ್ಕಳ ಓದಿಗೋ ನೌಕರಿಗೋ ಮಂಗಳೂರಲ್ಲಿ ಮನೆ ಮಾಡುವವರು ಇದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು: ಬಿದ್ದ ಮಳೆ ಎಲ್ಲಿಗೆ ಹರಿದು ಹೋಗುತ್ತದೆ? ನಮ್ಮ ಕಡೆ ಇಡೀ ವರ್ಷಕ್ಕೆ 500ರಿಂದ 700 ಮಿ.ಮೀ. ಮಳೆಯಾದರೆ ಅದೇ ದೊಡ್ಡದು. ಅಲ್ಲಿ 3,500 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಏರಿಯಾ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ನಾಲ್ಕು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ಆದರೆ ನಾವು ಮನೆ ನೋಡಲು ಹೋಗುವುದು ದಸರಾ ರಜೆಯಲ್ಲಿ, ಇಲ್ಲವೇ ಡಿಸೆಂಬರ್‌ನಲ್ಲಿ. ಆಗ ಊರೆಲ್ಲ ಹಸಿರು, ಗೋಡೆಗೆ ಹೊಸ ಬಣ್ಣ, ಬಾವಿ ತುಂಬ ನೀರು. ಒಂದು ಸಲ ಜುಲೈ ನಡುವೆ, ಇನ್ನೊಂದು ಸಲ ಏಪ್ರಿಲ್ ಕೊನೆಗೆ ಹೋಗಿ. ಒಂದೇ ಸಲ ಹೋಗಲು ಸಾಧ್ಯ ಎನ್ನುವವರು ಜುಲೈಯನ್ನೇ ಆರಿಸಿಕೊಳ್ಳಿ.

ಮಳೆಗಾಲದ ಭೇಟಿಯಲ್ಲಿ ನೋಡಬೇಕಾದ್ದು

ಜೋರು ಮಳೆ ನಿಂತ ಒಂದು ತಾಸಿನೊಳಗೆ ಆ ಬೀದಿಯಲ್ಲಿ ನಡೆಯಿರಿ. ಕಾಂಪೌಂಡ್ ಗೋಡೆಗಳ ಬುಡದಲ್ಲಿ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ನೆಲಮಹಡಿಯ ಅಂಗಡಿಯವರು ಸಾಮಾನನ್ನು ನೆಲಕ್ಕಿಡದೆ ಕಲ್ಲಿನ ಮೇಲೆ ಏರಿಸಿಟ್ಟಿದ್ದರೆ ಅಲ್ಲಿ ನೀರು ನುಗ್ಗುತ್ತದೆ ಎಂದೇ ಅರ್ಥ. ರಸ್ತೆಗಿಂತ ಮನೆಯ ಪಾಯ ಕನಿಷ್ಠ ಎರಡು ಅಡಿ ಮೇಲಿರಲಿ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ.

ಮನೆ ಎತ್ತರದಲ್ಲಿದ್ದರೂ ದಾರಿ ತಗ್ಗಿನಲ್ಲಿ ಇರಬಹುದು. ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ರೈಲ್ವೆ ಕೆಳಸೇತುವೆ ಇವೆಲ್ಲ ದೊಡ್ಡ ಮಳೆಗೆ ನೀರು ನಿಲ್ಲುವ ಜಾಗಗಳೆಂದು ಊರಿಗೇ ಗೊತ್ತು. ಹಾಗಾಗಿ ಆಸ್ಪತ್ರೆಗೆ, ಶಾಲೆಗೆ ಹೋಗಲು ಎರಡನೇ ದಾರಿ ಇದೆಯೇ ಎಂದು ಕೇಳಿ. ನೇತ್ರಾವತಿಯ ಆಚೆ ತೊಕ್ಕೊಟ್ಟು, ದೇರಳಕಟ್ಟೆ ಕಡೆ ಕೊಂಡರೆ ಪೇಟೆಗೆ ಬರಲು ಹೆಚ್ಚಾಗಿ ಹೆದ್ದಾರಿಯ ಸೇತುವೆಯನ್ನೇ ನಂಬಬೇಕು. ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಅದನ್ನು ದಾಟಿ, ಎಷ್ಟು ಹೊತ್ತು ಹಿಡಿಯಿತೆಂದು ನೋಡಿಕೊಳ್ಳಿ.

ಗುಡ್ಡವೋ, ಗದ್ದೆಯೋ

ಮಂಗಳೂರು ಸಮತಟ್ಟಾದ ಊರಲ್ಲ. ಗುಡ್ಡ, ನಡುವೆ ಗದ್ದೆ, ಗದ್ದೆಯಲ್ಲಿ ತೋಡು, ಮತ್ತೆ ಗುಡ್ಡ. ಅಲ್ಲಿ ಮಳೆಗಾಲದಲ್ಲಿ ತುಂಬಿ ಹರಿಯುವ ಸಣ್ಣ ಹಳ್ಳಕ್ಕೆ ತೋಡು ಎನ್ನುತ್ತಾರೆ. ಹಳೆಯ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಲೇಔಟ್‌ಗಳಲ್ಲಿ ತೋಡನ್ನು ಕಿರಿದು ಮಾಡಿಯೋ, ಪೈಪಿಗೆ ಇಳಿಸಿಯೋ ಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಅದು ಒಣ ಚರಂಡಿಯಂತೆ ಕಾಣುತ್ತದೆ. ಕಂದಾಯ ನಕ್ಷೆಯಲ್ಲಿ ಅದರ ಅಗಲ ಎಷ್ಟಿದೆ, ಈಗ ಎಷ್ಟು ಉಳಿದಿದೆ ಎಂದು ಸರ್ವೇಯರ್ ಕೈಯಲ್ಲಿ ಅಳೆಸಿ. ಇಂಥ ಕಡೆ ಇನ್ನೊಂದು ತೊಂದರೆ ಉಂಟು: ಒಳಚರಂಡಿ ಸಂಪರ್ಕ ಇಲ್ಲದಿದ್ದರೆ ಮಳೆಗಾಲದಲ್ಲಿ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಗೆ ಇಂಗಲು ಜಾಗವೇ ಇರುವುದಿಲ್ಲ. ಅಂತರ್ಜಲ ಮೇಲೆ ಬಂದು ಕುಳಿತಿರುತ್ತದೆ, ಶೌಚಾಲಯದ ನೀರು ಹಿಂದಕ್ಕೆ ಉಕ್ಕುತ್ತದೆ.

ಗುಡ್ಡದ ಮೇಲಿನ ಮನೆ ಇದಕ್ಕಿಂತ ಮೇಲು. ಆದರೆ ಗುಡ್ಡ ಕಡಿದು ಮಾಡಿದ ಸೈಟು ಬೇರೆ ಮಾತು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಗೋಡೆ ಸೀಳುತ್ತದೆ, ಅದರ ಗುಣ ನಮಗೆ ಗೊತ್ತು. ಅಲ್ಲಿನ ಮಣ್ಣಿನ ಗುಣ ಬೇರೆ. ಮೇಲೆ ಗಟ್ಟಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಅದರ ಕೆಳಗೆ ಶೇಡಿ ಮಣ್ಣು. ಕಡಿದ ಗುಡ್ಡದ ಮಗ್ಗುಲಲ್ಲಿ ನಿಂತು ನೋಡಿ: ಮೇಲಿನ ಕೆಂಪು ಪದರ ಮುಗಿದಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪು ಮಣ್ಣು ಕಾಣುತ್ತದೆ. ಒಣಗಿದ್ದಾಗ ಗುದ್ದಲಿಗೂ ಬಗ್ಗದಂತಿರುತ್ತದೆ. ಒಂದು ಹೆಂಟೆ ತೆಗೆದು ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಕರಗಿ ಕೂರುತ್ತದೆ. ನೀರು ಕುಡಿದ ಶೇಡಿಗೆ ಭಾರ ಹೊರುವ ಶಕ್ತಿ ಇರುವುದಿಲ್ಲ, ಗುಡ್ಡ ಜರಿಯುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಮನೆಯ ಹಿಂದೆ ನೆಟ್ಟಗೆ ಕಡಿದ ದರೆ (ಗುಡ್ಡದ ಮಣ್ಣಿನ ಗೋಡೆ) ಇದ್ದರೆ, ಅದರ ಎತ್ತರಕ್ಕಿಂತ ಹೆಚ್ಚು ದೂರ ಮನೆ ಇದೆಯೇ ನೋಡಿ. ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳು ಇರಲೇಬೇಕು, ಜುಲೈಯಲ್ಲಿ ಅವುಗಳಿಂದ ನೀರು ಸುರಿಯುತ್ತಿರಬೇಕು. ತೂತು ಒಣಗಿದ್ದು, ಗೋಡೆ ಹೊಟ್ಟೆ ಬಿಟ್ಟಿದ್ದರೆ ನೀರು ಹಿಂದೆ ಕಟ್ಟಿಕೊಂಡಿದೆ ಎಂದರ್ಥ. ಅಂಥ ಮನೆ ಅರ್ಧ ಬೆಲೆಗೆ ಬಂದರೂ ಬೇಡ.

ಸಮುದ್ರ ಕಾಣುವ ಮನೆ

ಬಿಸಿಲ ನಾಡಿನವರಿಗೆ ಕಡಲು ಕಾಣುವ ಬಾಲ್ಕನಿ ಎಂದರೆ ಆಸೆ, ಅದು ಸಹಜ. ಆದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ತೀರದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತ ಶುರು. ಕಡಲ ಕಡೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಅನ್ವಯಿಸುತ್ತದೆ. ಉಪ್ಪುನೀರು ಏರುವಷ್ಟು ದೂರ ನೇತ್ರಾವತಿ, ಫಲ್ಗುಣಿ ದಂಡೆಗೂ ಅದು ಉಂಟು, ಹೊಳೆ ಬದಿ ಕೊಳ್ಳುವವರು ಇದನ್ನು ಮರೆಯುತ್ತಾರೆ. ಸರ್ವೆ ನಂಬರ್ ಹಿಡಿದು ಯಾವ ವಲಯಕ್ಕೆ ಬರುತ್ತದೆಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹಳೆ ಮನೆ ನಿಂತಿದೆ ಎಂದ ಮಾತ್ರಕ್ಕೆ ಅದನ್ನು ಕೆಡವಿ ಹೊಸದು ಕಟ್ಟಲು ಬಿಡುತ್ತಾರೆಂದೇನಿಲ್ಲ.

ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಕರಾವಳಿ ಗಾಳಿಗೆ ಒಡ್ಡಿದ ಆರ್‌ಸಿಸಿಗೆ ಐಎಸ್ 456 (ಕಾಂಕ್ರೀಟು ಕೆಲಸದ ಭಾರತೀಯ ಮಾನದಂಡ) ಪ್ರಕಾರ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಕಂಬಿಯ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಬೇಕು. ಹಳೆ ಫ್ಲ್ಯಾಟ್ ಆದರೆ ಬಾಲ್ಕನಿಯ ತಳಭಾಗ ನೋಡಿ: ಕಂಬಿಯ ಗುಂಟ ನೇರ ಬಿರುಕು, ತುಕ್ಕಿನ ಕಲೆ, ನಾಣ್ಯದಿಂದ ತಟ್ಟಿದರೆ ಪೊಳ್ಳು ಸದ್ದು ಬಂದರೆ ಒಳಗೆ ಕಂಬಿ ಉಬ್ಬಿದೆ. ನೈರುತ್ಯದ ಕೋಣೆಯ ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಮಳೆ ಬಡಿಯುವುದು ಆ ದಿಕ್ಕಿನಿಂದಲೇ.

ಬೇಸಿಗೆಯ ಭೇಟಿ

ಇಷ್ಟು ಮಳೆ ಬೀಳುವ ಊರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ತಾಪತ್ರಯ ಬರುತ್ತದೆ. ನಗರಕ್ಕೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟೆಯಿಂದ. ಮಳೆ ತಡವಾದರೆ ಸರತಿ ಪ್ರಕಾರ ಬಿಡುತ್ತಾರೆ. ಬಾವಿ ಇರುವ ಮನೆಗೆ ಆಗ ಬೆಲೆ. ಬೇಸಿಗೆಯಲ್ಲೇ ಬಾವಿ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಇಡಿ: ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಸಿಹಿಯಾಗಿದ್ದು ಮೇ ತಿಂಗಳಲ್ಲಿ ಉಪ್ಪಾಗುವ ಬಾವಿಗಳು ಕಡಲ ಹತ್ತಿರ, ಹೊಳೆ ಹತ್ತಿರ ಸಾಕಷ್ಟಿವೆ. ಬೈಕಂಪಾಡಿ, ಕುಳಾಯಿ, ಕಾಟಿಪಳ್ಳದಂಥ ಕೈಗಾರಿಕೆ ಬದಿಯ ಊರುಗಳನ್ನು ಹಗಲು, ರಾತ್ರಿ ಎರಡೂ ಹೊತ್ತು ನೋಡಿ. ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ತಿರುಗುತ್ತದೆ, ವಾಸನೆಯೂ ತಿರುಗುತ್ತದೆ.

ಕಾಗದಪತ್ರ

ಅಳತೆ ಅಲ್ಲಿ ಸೆಂಟ್ಸ್ ಲೆಕ್ಕ. ಒಂದು ಸೆಂಟ್ 435.6 ಚದರಡಿ, ಒಂದು ಗುಂಟೆ ಎರಡೂವರೆ ಸೆಂಟ್. ನಮ್ಮ 30×40 ಸೈಟು ಸುಮಾರು 2.75 ಸೆಂಟ್ ಆಯಿತು.

ಪಹಣಿ, ಭೂಪರಿವರ್ತನೆ ಆದೇಶ, 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ), ಇ-ಖಾತಾ, ಕನಿಷ್ಠ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ಇವು ನಮ್ಮ ಕಡೆಯಂತೆಯೇ. ಹೊಸದಾಗಿ ಕೇಳಬೇಕಾದವು ಎರಡು. ಜಾಗ ಮೂಲಿ ಹಕ್ಕಿನದೋ (ಪೂರ್ತಿ ಸ್ವಂತ ಒಡೆತನ) ಮೂಲಗೇಣಿಯದೋ? ಮೂಲಗೇಣಿ ಎಂದರೆ ಕಾಯಂ ಗೇಣಿ, ಮೂಲ ಒಡೆಯ ಬೇರೆ ಇರುತ್ತಾನೆ. ಹಳೆ ಪೇಟೆಯ ಜಾಗಗಳಲ್ಲಿ ಇದು ಈಗಲೂ ಸಿಗುತ್ತದೆ. ಎರಡನೆಯದು ಕುಮ್ಕಿ. ಅದು ಸರ್ಕಾರಿ ಜಮೀನು. ಪಕ್ಕದ ವರ್ಗ (ಪಟ್ಟಾ) ಜಮೀನಿನವರಿಗೆ ಸೊಪ್ಪು, ಸೌದೆಯ ಸೌಲಭ್ಯ ಮಾತ್ರ. “ಹತ್ತು ಸೆಂಟ್ಸ್ ಪಟ್ಟಾ, ಜೊತೆಗೆ ಐದು ಸೆಂಟ್ಸ್ ಕುಮ್ಕಿ” ಎಂದು ಹೇಳಿದರೆ ಹತ್ತಕ್ಕೆ ಮಾತ್ರ ದುಡ್ಡು ಕೊಡಿ. ಹೊಸ ಅಪಾರ್ಟ್‌ಮೆಂಟ್ ಎಂಟು ಮನೆಗಿಂತ ದೊಡ್ಡದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ, ಬೆಲೆಯನ್ನು ಕಾರ್ಪೆಟ್ ಏರಿಯಾಕ್ಕೆ, ಅಂದರೆ ಗೋಡೆಗಳ ಒಳಗೆ ಬಳಸಲು ಸಿಗುವ ಜಾಗಕ್ಕೆ, ಭಾಗಿಸಿ ಹೋಲಿಸಿ.

ಕಾಗದ ತೋರಿಸಲು ಮಂಗಳೂರಿನಲ್ಲೇ ವಕಾಲತ್ತು ಮಾಡುವ ವಕೀಲರನ್ನು ಹಿಡಿಯಿರಿ, ಮಾರುವವರು ಹೇಳಿದವರನ್ನಲ್ಲ. ಅವಸರ ಇಲ್ಲದವರು ಮೆಚ್ಚಿದ ಏರಿಯಾದಲ್ಲೇ ಮೇ ತಿಂಗಳಿಂದ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯುವುದು ಲೇಸು. ಬೇಗ ಕೊಳ್ಳಲೇಬೇಕಾದರೆ ಅಡ್ವಾನ್ಸ್ ಸಣ್ಣದಿರಲಿ. ಸಿಆರ್‌ಝಡ್, ಕುಮ್ಕಿ ಅಥವಾ ಮೂಲಗೇಣಿಯ ತೊಡಕು ಕಂಡರೆ ಇಷ್ಟು ದಿನದೊಳಗೆ ಪೂರ್ತಿ ಹಣ ವಾಪಸ್ ಎಂಬ ಸಾಲನ್ನು ಕರಾರುಪತ್ರದಲ್ಲಿ ದಿನದ ಲೆಕ್ಕ ಸಮೇತ ಬರೆಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ.