ಮನೆಯಲ್ಲೇ ಬಾನ್ಸುರಿ–ತಬಲಾ ಧ್ವನಿಮುದ್ರಣ: ಮೊದಲು ಶ್ರುತಿ, ಆಮೇಲೆ ಮೈಕು

ಮುಂಬಯಿ ಬಳಿಯ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕುಳಿತು ಬಾನ್ಸುರಿ (ಹಿಂದುಸ್ತಾನಿ ಬಿದಿರು ಕೊಳಲು) ಮತ್ತು ತಬಲಾವನ್ನು ಧ್ವನಿಮುದ್ರಿಸಬೇಕೆನ್ನುವವರು ಮೈಕಿನ ಬೆಲೆಗಿಂತ ಮೊದಲು ಶ್ರುತಿಯ ಬಗ್ಗೆ ಯೋಚಿಸಬೇಕು. ಮೈಕು ಸಾಧಾರಣವಾಗಿದ್ದರೆ ಕೇಳುವವರು ಸಹಿಸಿಕೊಳ್ಳುತ್ತಾರೆ; ಕೊಳಲು ಮತ್ತು ತಬಲಾಗಳ ಷಡ್ಜಗಳ (‘ಸ’ ಸ್ವರಗಳ) ನಡುವೆ ಕೂದಲೆಳೆಯಷ್ಟು ಅಂತರ ಬಿದ್ದರೂ ರಾಗ ಕೆಡುತ್ತದೆ.

ಕೊಳಲಿಗೆ ತಿರುಗಿಸಿ ಶ್ರುತಿ ಹೊಂದಿಸುವ ಬಿರಡೆ ಇಲ್ಲ. ಅದರೊಳಗಿನ ಗಾಳಿ ಬಿಸಿಯಾದಂತೆ ಶ್ರುತಿ ಏರುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅರ್ಧಸ್ವರದ (ಹಾರ್ಮೋನಿಯಂನ ಒಂದು ಕೀಲಿಯಿಂದ ಮುಂದಿನ ಕೀಲಿಗಿರುವ ಅಂತರದ) ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ತಬಲಾದ ಚರ್ಮ ತೇವ ಹೀರಿ ಸಡಿಲಾಗುವುದರಿಂದ ಅದರ ಶ್ರುತಿ ಇಳಿಯುತ್ತದೆ. ಹೀಗಾಗಿ ಫ್ಯಾನು, ಎ.ಸಿ. ಎರಡನ್ನೂ ಅರ್ಧ ಗಂಟೆ ಮೊದಲೇ ಆರಿಸಿ, ಹದಿನೈದು ನಿಮಿಷ ಕೊಳಲು ನುಡಿಸಿದ ಬಳಿಕವೇ ತಂಬೂರಿಯನ್ನು ಅದಕ್ಕೆ ಹೊಂದಿಸಬೇಕು. ಬಿಳಿ ಮೂರು (ಹಾರ್ಮೋನಿಯಂನ ಮೂರನೆಯ ಬಿಳಿ ಕೀಲಿಯ ಶ್ರುತಿ) ಎಂದು ಕೊಳಲಿನ ಮೇಲೆ ಬರೆದಿದ್ದರೂ ಕಿವಿಯನ್ನೇ ನಂಬಬೇಕು. ಆಮೇಲೆ ದಾಯಾದ (ಬಲಗೈಯ ತಬಲಾದ) ಗಟ್ಟಗಳನ್ನು, ಅಂದರೆ ಬಾರುಗಳ ಕೆಳಗಿನ ಮರದ ತುಂಡುಗಳನ್ನು ಸರಿಸಿ, ಗಜರೆಯ (ಚರ್ಮದ ಅಂಚಿನ ಹೆಣೆದ ಪಟ್ಟಿಯ) ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಬಾರುಗಳ ನಡುವಿನ 16 ಮನೆಗಳಲ್ಲೂ ಒಂದೇ ನಾದ ಬರುವಂತೆ ಮಾಡಬೇಕು.

ಒಮ್ಮೆ ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಮನ್ ರಾಗದ ಆಲಾಪ ತಬಲಾ ಇಲ್ಲದೆ ಇಪ್ಪತ್ತು ನಿಮಿಷ ನಡೆದು, ರೂಪಕ ತಾಳದ ಗತ್ತು (ತಬಲಾದೊಡನೆ ನುಡಿಸುವ ರಚನೆ) ಎತ್ತಿಕೊಂಡೊಡನೆ ದಾಯಾ ಇಳಿದಿರುವುದು ತಿಳಿಯಿತು. ಆಲಾಪದುದ್ದಕ್ಕೂ ಉಸಿರಿನಿಂದ ಕೊಳಲು ಬಿಸಿಯಾಗಿತ್ತು, ಸುಮ್ಮನೆ ಕುಳಿತ ತಬಲಾ ತೇವ ಹೀರಿತ್ತು. ಅಂದಿನಿಂದ ಆಲಾಪ ಮುಗಿದ ಕೂಡಲೇ ಮುದ್ರಣ ನಿಲ್ಲಿಸಿ, ತಬಲಾವನ್ನು ಮತ್ತೆ ಶ್ರುತಿಮಾಡಿ, ಗತ್ತನ್ನು ಬೇರೆಯಾಗಿಯೇ ಮುದ್ರಿಸುತ್ತೇವೆ. ಎಲ್ಲರೂ ಹೀಗೇ ಮಾಡಬೇಕೆಂಬುದು ನನ್ನ ಒತ್ತಾಯದ ಸಲಹೆ.

ಕೊಳಲಿನ ಮೈಕನ್ನು ಊದುರಂಧ್ರದ ನೇರಕ್ಕೆ ಇಡಬಾರದು, ಉಸಿರು ಬಡಿದು ಭುಸುಗುಡುತ್ತದೆ. ವಾದಕರ ಹಣೆಯ ಎತ್ತರದಲ್ಲಿ, ಒಂದೂವರೆ ಅಡಿ ದೂರದಿಂದ, ಬೆರಳುಗಳ ಕಡೆಗೆ ಬಾಗಿಸಿದರೆ ಸಾಕು. ಪನ್ನಾಲಾಲ್ ಘೋಷ್ (1911–1960) ಶಾಸ್ತ್ರೀಯ ಕಛೇರಿಗೆ ತಂದ ಉದ್ದನೆಯ ಕೊಳಲಿನ ಮಂದ್ರಸ್ವರಗಳು ಬಹಳ ಮೆತ್ತಗಿರುತ್ತವೆ; ಅವುಗಳ ಜೊತೆಗೆ ಬರುವ ಸಣ್ಣ ಉಸಿರನ್ನು ಆಮೇಲೆ ಅಳಿಸಲು ಹೋಗಬಾರದು, ಅದು ನಾದದ್ದೇ ಭಾಗ. ತಬಲಾದ ಮೈಕು ಒಂದಡಿ ಮೇಲಿರಲಿ. ಡಗ್ಗಾದ (ಎಡಗೈಯ ತಬಲಾದ) ಗುಂಯ್ಗುಡುವಿಕೆ ಗೋಡೆಗೆ ಬಡಿದು ಮರಳುವುದರಿಂದ ಹಿಂದೆ ದಪ್ಪನೆಯ ಗಾದಿಯನ್ನು ನಿಲ್ಲಿಸಿ, ಕಿಟಕಿಗೆ ಊರಿನಿಂದ ತಂದ ಕೌದಿಯನ್ನು ಎರಡು ಮಡಿಕೆ ಮಾಡಿ ಕಟ್ಟಬೇಕು. ಲೋಕಲ್ ರೈಲಿನ ಸದ್ದಿಗೆ ಮಾತ್ರ ಕೌದಿ ಸಾಲದು, ರಾತ್ರಿಯ ಕೊನೆಯ ಗಾಡಿ ಹೋಗುವವರೆಗೆ ಕಾಯಬೇಕು.

ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯದ ತುಣುಕು) ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬಿದ್ದ ತಕ್ಷಣ ಯಾರೂ ಮಾತಾಡಬಾರದು, ಗುಂಡಿ ಒತ್ತಬಾರದು. ತಬಲಾದ ಕೊನೆಯ ಪೆಟ್ಟಾದ ‘ಧಾ’ ಪೂರ್ತಿ ಆರಿ, ತಂಬೂರಿಯೊಂದೇ ಕೇಳಿಸುವವರೆಗೆ ಮುದ್ರಣ ನಡೆದಿರಲಿ.