ಬಿಸಿಲು ಮೈಗೆ ಹತ್ತಲು ಎರಡು ವಾರ ಬೇಕು

‘ನಮಗೇನ್ರಿ, ಬಿಸಲು ರೂಢಿ ಅದ.’ ಕಲಬುರಗಿಯಲ್ಲಿ ಈ ಮಾತು ಕೇಳಿಸದ ಬೇಸಿಗೆ ಇಲ್ಲ. ಮಾತು ಅರ್ಧ ನಿಜ. ಮೈಗೆ ಬಿಸಿಲು ರೂಢಿಯಾಗುತ್ತದೆ, ಆದರೆ ಹುಟ್ಟಿದ ಊರಿನ ಲೆಕ್ಕದಲ್ಲಿ ಅಲ್ಲ. ಪ್ರತಿ ವರ್ಷ ಹೊಸದಾಗಿ ಕಲಿಯಬೇಕು, ಅದಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಬಿಸಿಲಿನಿಂದ ದೂರವಿದ್ದರೆ ತಿಂಗಳೊಳಗೆ ಮರೆತೂ ಹೋಗುತ್ತದೆ. ಬೆಂಗಳೂರಿನಲ್ಲಿ ಓದುವ ಹುಡುಗ ಮೇ ತಿಂಗಳಲ್ಲಿ ಅಕ್ಕನ ಮದುವೆಗೆ ಊರಿಗೆ ಬರುತ್ತಾನೆ. ಬಂದ ದಿನವೇ ಮಟಮಟ ಮಧ್ಯಾಹ್ನ ಪೆಂಡಾಲ್ ಹಾಕಿಸಲು ನಿಲ್ಲುತ್ತಾನೆ. ಅವನಿಗೆ ತಲೆ ತಿರುಗಿದರೆ ಆಶ್ಚರ್ಯವೇನು?

ಬೇಸಿಗೆ ವರ್ಷವರ್ಷ ಬಲಿಯುತ್ತಿದೆ. ಹಾಗಾಗಿ ಈ ತಯಾರಿಯನ್ನು ಉಪ್ಪಿನಕಾಯಿ ಹಾಕುವ ಹಾಗೆ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಫೆಬ್ರುವರಿಯಲ್ಲಿ: ಮಾಳಿಗೆಗೆ ಸುಣ್ಣ

ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿದ್ದೀರಾ? ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸ್ಲ್ಯಾಬಿಗೆ ಅಂಗೈ ಇಟ್ಟು ನೋಡಿ. ಸೂರ್ಯ ಮುಳುಗಿ ಮೂರು ಗಂಟೆಯಾದರೂ ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ನಿಮ್ಮ ಹಾಸಿಗೆಯ ಮೇಲೆ ಇಳಿಸುತ್ತಿರುತ್ತದೆ. ಹಗಲಿನ ಬಿಸಿಲಿಗಿಂತ ಈ ರಾತ್ರಿಯ ಸೆಕೆಗೇ ನಾನು ಜಾಸ್ತಿ ಹೆದರುತ್ತೇನೆ. ನಿದ್ದೆಯಲ್ಲೂ ಮೈ ತಂಪಾಗದಿದ್ದರೆ ಹೃದಯಕ್ಕೆ ಬಿಡುವೇ ಸಿಗುವುದಿಲ್ಲ. ದಪ್ಪ ಮಣ್ಣಿನ ಹಳೇ ಮಾಳಿಗೆ ಮನೆಗಳಿಗೆ ಈ ಕಾಟ ಇಷ್ಟಿರಲಿಲ್ಲ.

ಅಗ್ಗದ ಉಪಾಯ ಬಿಳಿ ಬಣ್ಣ. ಬಿಳಿ ಮಾಳಿಗೆ ಬಿಸಿಲನ್ನು ಹೀರದೆ ವಾಪಸ್ ಕಳಿಸುತ್ತದೆ, ಒಳಗಿನ ಸೆಕೆ 2ರಿಂದ 5 ಡಿಗ್ರಿವರೆಗೆ ಇಳಿಯಬಹುದು. ಮೊದಲು ಮಾಳಿಗೆ ಗುಡಿಸಿ, ತೊಳೆದು, ಒಣಗಲು ಬಿಡಿ. ಸುಣ್ಣದ ಕಲ್ಲನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ನೀರಿಗೆ ಬಿದ್ದ ಸುಣ್ಣ ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ, ಮಕ್ಕಳು ದೂರವಿರಲಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿ. ಇಲ್ಲದಿದ್ದರೆ ಓಡಾಡಿದ ಕಾಲಿಗೆಲ್ಲ ಸುಣ್ಣ ಮೆತ್ತಿಕೊಳ್ಳುತ್ತದೆ. ಎರಡು ಕೋಟ್ ಹೊಡೆಯಿರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ತಪ್ಪಿಸಬೇಡಿ. ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆಯಬೇಕು. ತಗಡಿನ ಶೀಟಿನ ಮನೆಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಬಿಳಿ ಕೂಲ್ ರೂಫ್ ಬಣ್ಣವೇ ವಾಸಿ.

ಮಾರ್ಚ್‌ನಲ್ಲಿ: ಮೈಗೆ ಪಾಠ

ಇದು ಹೊರಗೆ ದುಡಿಯುವವರಿಗೆ, ದುಡಿಸುವವರಿಗೆ. ಹೊಸದಾಗಿ ಬಿಸಿಲಿನ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಪೂರ್ತಿ ಕೆಲಸದ ಐದರಲ್ಲಿ ಒಂದು ಪಾಲು ಮಾತ್ರ ಬಿಸಿಲಲ್ಲಿ ಕೊಡಿ. ದಿನಕ್ಕೊಂದು ಪಾಲು ಏರಿಸುತ್ತಾ ಹೋಗಿ. ಕೆಲಸ ಹಳೆಯದೇ, ರಜೆ ಮುಗಿಸಿ ಬಂದಿದ್ದಾರೆ ಎಂದರೆ ಮೊದಲ ದಿನ ಅರ್ಧ, ಆಮೇಲೆ ಶೇ 60, ಶೇ 80, ನಾಲ್ಕನೇ ದಿನ ಪೂರ್ತಿ. ಒಂದು ವಾರದ ರಜೆಯೂ ರಜೆಯೇ. ಮೇಸ್ತ್ರಿಗಳು ಇದನ್ನು ಸೋಮಾರಿತನ ಎನ್ನಬಹುದು. ಅನ್ನಲಿ ಬಿಡಿ.

ಅಷ್ಟು ದಿನಗಳಲ್ಲಿ ಒಳಗೆ ಏನಾಗುತ್ತದೆ ಗೊತ್ತಾ? ಮೈ ಬೇಗ ಬೆವರಲು ಕಲಿಯುತ್ತದೆ, ಜಾಸ್ತಿಯೂ ಬೆವರುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ರಕ್ತದಲ್ಲಿ ನೀರಿನಂಶ ಏರುತ್ತದೆ, ಅದೇ ಕೆಲಸಕ್ಕೆ ಎದೆ ಮೊದಲಿನಷ್ಟು ಬಡಿದುಕೊಳ್ಳುವುದಿಲ್ಲ. ಶುರುವಿನ ದಿನಗಳಲ್ಲಿ ಉಪ್ಪು ಜಾಸ್ತಿ ಸೋರುವುದರಿಂದ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ಬಿಪಿ ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ. ಬಿಪಿಗೆಂದು ನುಂಗುವ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿಬಿಡಿ, ಸುಮ್ನೆ ನೀವೇ ನಿಲ್ಲಿಸಬೇಡಿ.

ಅಜ್ಜ ಅಜ್ಜಿಯರಿಗೆ ಈ ಪಾಠ ಅಷ್ಟಾಗಿ ಹತ್ತುವುದಿಲ್ಲ. ಅವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಕೇಳಬೇಡಿ, ಲೋಟ ಕೈಗೆ ಕೊಡಿ.

ಏಪ್ರಿಲ್, ಮೇ: ಗಡಿಯಾರ ಬದಲಿಸಿ

ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಬುದ್ಧಿವಂತ ಪದ್ಧತಿ. ಹೊಲ, ಸೈಟು, ಸಂತೆ ಕೆಲಸವನ್ನೂ ಹಾಗೇ ಹೊಂದಿಸಿಕೊಳ್ಳಿ.

ಏರ್ ಕೂಲರ್ ಒಣ ಸೆಕೆಯ ರಾಯಚೂರು, ಕಲಬುರಗಿಗೆ ಚೆನ್ನ. ಕಿಟಕಿ ಒಂದಿಷ್ಟು ತೆರೆದಿರಲಿ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ಅಲ್ಲಿ ಅದೇ ಕೂಲರ್ ಸೆಕೆ ಹೆಚ್ಚಿಸುತ್ತದೆ ಅಷ್ಟೇ. ಕೋಣೆ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಬಿಸಿಗಾಳಿ ಊದುತ್ತದೆ. ಮೈಮೇಲೆ ಒದ್ದೆ ಟವೆಲ್ ಹೊದ್ದು ಫ್ಯಾನ್ ಕೆಳಗೆ ಕೂರಿ.

ಯಾರಾದರೂ ಬಿದ್ದರೆ

ಸುಸ್ತು, ತಲೆನೋವು, ವಾಂತಿ ಬಂದರೆ ನೆರಳು, ನೀರು, ವಿಶ್ರಾಂತಿ. ಆದರೆ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಒಳಮೈ ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದಾನಲ್ಲ ಎಂದು ಸಮಾಧಾನ ಪಡಬೇಡಿ, ಬೆವರುತ್ತಲೇ ಹೀಟ್ ಸ್ಟ್ರೋಕ್ ಆಗುವುದುಂಟು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಇಡೀ ಊರೇ ಹೀಗೆ ತಯಾರಾಗಬಹುದಾ? ಅಹಮದಾಬಾದ್ ಆಗಿದೆ. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದವು. 2013ರಲ್ಲಿ ನಗರ ಬಿಸಿಲಿಗೆಂದೇ ಯೋಜನೆ ಮಾಡಿತು. ಮುಂಚೆಯೇ ಎಚ್ಚರಿಕೆ ಕೊಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಆಮೇಲೆ ಬಡವರ ಮನೆ ಮಾಳಿಗೆಗಳಿಗೆ ಬಿಳಿ ಬಣ್ಣ. ಅಲ್ಲೂ ಕೆಲಸಕ್ಕೆ ಬಂದದ್ದು ಸುಣ್ಣದ ಬಕೆಟ್ಟೇ.